ಕಂಸದೊಳಗಿನ ಪರಿಹಾರ

ಹೈಸ್ಕೂಲಿನಲ್ಲಿ ನಮ್ಮ ಲೆಕ್ಕದ ಮೇಷ್ಟ್ರು ಒಂದು ಮಾತು ಹೇಳೋರು: ಮೊದಲು ಕಂಸದ ಒಳಗೆ ಏನೈತೆ ನೋಡ್ರೋ, ಹೊರಗಿಂದು ಆಮೇಲೆ. ಲೆಕ್ಕ ನನಗೆ ಹತ್ತಲಿಲ್ಲ. ಆ ಮಾತು ಮಾತ್ರ ಒಂದು ಕಾನೂನು ಓದುವಾಗ ನೆನಪಾಯಿತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಹುಟ್ಟಿದಾಗ ಅದಕ್ಕೆ ಇದ್ದದ್ದು ನಾಲ್ಕೇ ಕಲಮು. ಎರಡನೆಯ ಕಲಮು ಹೇಳುವುದು ಇಷ್ಟು: ರೋಗ ಹರಡುವಾಗ ಸರ್ಕಾರ ತನಗೆ ಸರಿ ಕಂಡ ಕ್ರಮ ಕೈಗೊಳ್ಳಬಹುದು, ಅದಕ್ಕೆ ತಗಲಿದ ಖರ್ಚನ್ನು ಯಾರು, ಹೇಗೆ ಹೊರಬೇಕು ಅನ್ನುವುದನ್ನೂ ತಾನೇ ತೀರ್ಮಾನ ಮಾಡಬಹುದು. ಖರ್ಚು ಅನ್ನುವ ಪದದ ಪಕ್ಕದಲ್ಲಿ ಒಂದು ಕಂಸ. ಕಂಸದ ಒಳಗೆ: ಪರಿಹಾರ, ಏನಾದರೂ ಇದ್ದರೆ, ಅದೂ ಸೇರಿ.

ಏನಾದರೂ ಇದ್ದರೆ. ನೂರಾ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಈ ದೇಶದ ಪೆಟ್ಟಿಗೆ ಅಂಗಡಿಯವನು, ತಳ್ಳುಗಾಡಿಯವಳು, ಚಪ್ಪಲಿ ಹೊಲಿಯುವವನು, ಕತ್ತರಿ ಹಿಡಿದವನು ಈ ಎರಡು ಪದಗಳೊಳಗೆ ಕೂತಿದ್ದಾರೆ. ರೋಗ ಬಂದಾಗಲೆಲ್ಲ ಅವರ ಬಾಗಿಲು ಮುಚ್ಚಿಸಿದ್ದು ಕಾನೂನು. ಮುಚ್ಚಿಸಿದ್ದಕ್ಕೆ ಏನಾದರೂ ಕೊಡಬೇಕು ಅನ್ನುವುದು ಕಾನೂನು ಆಗಲೇ ಇಲ್ಲ. ಕೊಟ್ಟಾಗ ಅದು ಕರುಣೆ ಆಯಿತು, ಫೋಟೋ ಆಯಿತು, ಪೇಪರಿನ ಜಾಹೀರಾತು ಆಯಿತು. ಹಕ್ಕು ಆಗಲಿಲ್ಲ. ಇಷ್ಟನ್ನು ಹೇಳುವುದಕ್ಕೇ ಈ ಬರಹ.

ಪದ್ಯ ಬರೆಯುವವನಿಗೆ ಕಾನೂನಿನ ಉಸಾಬರಿ ಯಾಕೆ ಅಂತ ಗೆಳೆಯರು ಕೇಳಬಹುದು. 2020ರಲ್ಲಿ ನಾನು ಡಿಗ್ರಿ ಓದುತ್ತಿದ್ದೆ. ಅಪ್ಪನದು ನಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡ್ ಎದುರು ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಉಳಿ, ರಂಪಿಗೆ, ದಾರ, ಮೇಣ, ಹಳೆ ಟೈರಿನ ತುಂಡು, ಮಳೆಗಾಲದಲ್ಲಿ ಛತ್ರಿ ರಿಪೇರಿಗೆ ಎರಡು ಕಡ್ಡಿ. ಅದೇ ನಮ್ಮ ಕಂಪನಿ, ಅದೇ ಫ್ಯಾಕ್ಟರಿ. ಹಟ್ಟಿಯಲ್ಲಿ ಅರ್ಜಿ ತುಂಬೋಕೆ ಬರುತ್ತಿದ್ದದ್ದು ನನಗೊಬ್ಬನಿಗೇ ಆದ್ದರಿಂದ ಆ ಎರಡು ವರ್ಷ ನಾನು ಬರೆದ ಪದ್ಯಕ್ಕಿಂತ ತುಂಬಿದ ಅರ್ಜಿ ಹೆಚ್ಚು. ಅರ್ಜಿ ತುಂಬುತ್ತಾ ತುಂಬುತ್ತಾ ಈ ಕಾನೂನು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದೆ.

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿತು. ಮಾಂಡವಿ ಅಂದರೆ ಬಂದರಿನ ಪಕ್ಕದ ದವಸದ ಗೋದಾಮುಗಳ ಕೇರಿ. ಇಲಿ ಇರುವ ಕಡೆ ಪ್ಲೇಗು. ಇಲಿ ಮತ್ತು ಚಿಗಟದ ಕಥೆ ಆಗ ದೊರೆಗಳಿಗೆ ಗೊತ್ತಿರಲಿಲ್ಲ. ಫ್ರಾನ್ಸಿನ ಸಿಮಂಡ್ ಅದನ್ನು ಕಂಡುಹಿಡಿದದ್ದು 1898ರಲ್ಲಿ, ಎಲ್ಲರೂ ಒಪ್ಪಿದ್ದು ಅದಕ್ಕೂ ಸುಮಾರು ವರ್ಷ ಆದಮೇಲೆ. ಬ್ರಿಟಿಷರಿಗೆ ಇದ್ದ ಭಯ ಒಂದೇ, ಯುರೋಪಿನ ಬಂದರುಗಳು ಇಂಡಿಯಾದ ಹಡಗನ್ನು ಹತ್ತಿರ ಸೇರಿಸದೆ ಹೋದಾವು. ವ್ಯಾಪಾರ ಉಳಿಸಿಕೊಳ್ಳಬೇಕಿತ್ತು, ದೊಡ್ಡವರ ವ್ಯಾಪಾರ. 1897ರ ಜನವರಿ ಕೊನೆಗೆ ಕಲ್ಕತ್ತೆಯ ಕೌನ್ಸಿಲ್ಲಿನಲ್ಲಿ ಮಸೂದೆ ಬಂತು, ಫೆಬ್ರವರಿ 4ಕ್ಕೆ ಕಾಯ್ದೆ ಆಯಿತು. ಒಂದು ವಾರ. ನಮ್ಮ ಹಟ್ಟಿಗೆ ಬೋರ್‌ವೆಲ್ ಕೊರೆಸಲು ತಗೊಂಡ ವರ್ಷಗಳನ್ನು ನೆನೆದರೆ ಸರ್ಕಾರಕ್ಕೆ ಅವಸರ ಬಂದಾಗ ಎಷ್ಟು ಚುರುಕಾಗುತ್ತದೆ ಅಂತ ಆಶ್ಚರ್ಯ ಆಗುತ್ತದೆ.

ಎರಡನೆಯ ಕಲಮನ್ನು ಮೇಲೆ ಹೇಳಿದೆ. ಮೂರನೆಯದು: ಆಜ್ಞೆ ಮೀರಿದವನಿಗೆ ಪೀನಲ್ ಕೋಡಿನ 188ನೆಯ ಕಲಮಿನ ಶಿಕ್ಷೆ. ನಾಲ್ಕನೆಯದು: ಈ ಕಾಯ್ದೆಯ ಅಡಿಯಲ್ಲಿ ಸದ್ಭಾವನೆಯಿಂದ ಏನೇ ಮಾಡಿದ್ದರೂ ಯಾರ ಮೇಲೂ ದಾವೆ ಹೂಡುವಂತಿಲ್ಲ. ಇವೆರಡನ್ನು ಒಟ್ಟಿಗೆ ಓದಬೇಕು. ನೀನು ತಪ್ಪಿದರೆ ಜೈಲು. ಅವನು ತಪ್ಪಿದರೆ ಸದ್ಭಾವನೆ. ಅಧಿಕಾರಿ ಬಂದು ಅಂಗಡಿಯ ಮಾಲಿಗೆ ಬೆಂಕಿ ಇಟ್ಟ ಅಂತಿಟ್ಟುಕೊಳ್ಳಿ. ಪರಿಹಾರ ಕೇಳಲು ಹೋದರೆ ಎರಡನೆಯ ಕಲಮು "ಏನಾದರೂ ಇದ್ದರೆ" ಅನ್ನುತ್ತದೆ. ಕೋರ್ಟಿಗೆ ಹೋದರೆ ನಾಲ್ಕನೆಯ ಕಲಮು ಬಾಗಿಲಲ್ಲಿ ನಿಂತಿರುತ್ತದೆ.

ಬೆಂಕಿ ಇಟ್ಟದ್ದು ಬರೀ ಮಾತಲ್ಲ. ಬೊಂಬಾಯಿ, ಪುಣೆಗಳಲ್ಲಿ ಮನೆ ಹೊಕ್ಕು ನೆಲ ಅಗೆದರು, ಹೆಂಚು ತೆಗೆಸಿದರು, ಗೋಡೆಗೆ ಸುಣ್ಣ ಬಳಿದರು, ಬಟ್ಟೆಬರೆ ಚಿಂದಿಗಳನ್ನು ಸುಟ್ಟರು. ವಾಸಕ್ಕೆ ಯೋಗ್ಯವಲ್ಲ ಅಂತ ಬಾಗಿಲ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆದು ಹೋದರು. ಬಡವನ ಮನೆಯೇ ಅವನ ಅಂಗಡಿ ಅನ್ನುವುದು ಅವರಿಗೆ ತಿಳಿಯದ್ದೇನಲ್ಲ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಒಲೆ. ಹೆಂಚು ತೆಗೆದರೆ ಎರಡೂ ಹೋಯಿತು.

ಇನ್ನೊಂದು ಪಟ್ಟಿಯನ್ನು ನೋಡಬೇಕು. ಅದೇ 1897ರ ಫೆಬ್ರವರಿ, ಮಾರ್ಚಿಯಲ್ಲಿ ವೆನಿಸ್ ನಗರದಲ್ಲಿ ರಾಷ್ಟ್ರಗಳೆಲ್ಲ ಸೇರಿ ಪ್ಲೇಗಿನ ಬಗ್ಗೆ ಒಪ್ಪಂದ ಮಾಡಿಕೊಂಡವು. ರೋಗ ಹೊತ್ತು ತರಬಹುದಾದ ಸರಕು ಯಾವುದು, ಯಾವುದನ್ನು ತಡೆಯಬಹುದು ಅಂತ ಒಂದು ಪಟ್ಟಿ ಮಾಡಿದರು. ಉಟ್ಟ ಬಟ್ಟೆ, ಚಿಂದಿ, ಹಳೆ ಗೋಣಿ, ಹದ ಮಾಡದ ಚರ್ಮ, ಗೊರಸು, ಕೂದಲು. ಈ ಪಟ್ಟಿ ಓದಿದಾಗ ನನಗೆ ಹಟ್ಟಿ, ಕೇರಿಗಳೇ ಕಣ್ಣ ಮುಂದೆ ಬಂದವು. ಚಿಂದಿ ಆಯುವವರು ಯಾರು? ಸತ್ತ ದನದ ಚರ್ಮ ಸುಲಿದವರು ಯಾರು? ಗೊರಸು, ಮೂಳೆ ಹೊತ್ತವರು, ಕೂದಲು ಕತ್ತರಿಸಿದವರು ಯಾರು? ವೆನಿಸಿನಲ್ಲಿ ಕೂತ ವೈದ್ಯರಿಗೆ ಜಾತಿ ಗೊತ್ತಿರಲಿಲ್ಲ, ಒಪ್ಪೋಣ. ಆದರೆ ಅವರು ಮೈಲಿಗೆ ಅಂದ ಸರಕು ನಮ್ಮ ಮನು ಮೊದಲೇ ಮೈಲಿಗೆ ಅಂದವರ ಕೈಯಲ್ಲೇ ಇತ್ತು. ಹಳೆ ಮೈಲಿಗೆಯ ಮೇಲೆ ಹೊಸ ಮೈಲಿಗೆಯ ಮೊಹರು ಬಿತ್ತು, ಈ ಸಲ ವಿಜ್ಞಾನದ ಹೆಸರಿನಲ್ಲಿ.

ಆ ಕಾಯ್ದೆ ಬಂದು ಒಂದು ತಿಂಗಳು ಆರು ದಿನಕ್ಕೆ, ಮಾರ್ಚಿ 10ಕ್ಕೆ, ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಪುಣೆಯ ಹೊರಗೆ ಮಗ ಯಶವಂತನ ಜೊತೆ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಾ, ಅದೇ ರೋಗ ತಗುಲಿಸಿಕೊಂಡು. ಜೂನ್ 22ಕ್ಕೆ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ನಮ್ಮ ಶಾಲೆಯ ಪುಸ್ತಕದಲ್ಲಿ ಇದ್ದದ್ದು ಗುಂಡಿನ ಕಥೆ. ಸಾವಿತ್ರಿಬಾಯಿ ಕಥೆಯನ್ನು ನಾನು ಕಾಲೇಜಿಗೆ ಬಂದಮೇಲೆ ಸಂಘಟನೆಯ ಕರಪತ್ರದಲ್ಲಿ ಓದಿದೆ.

ಆ ದಿನಗಳಲ್ಲಿ ಸರ್ಕಾರವನ್ನು ಬಗ್ಗಿಸಿದ ಒಂದು ಜನ ಇದ್ದರು. ಬೊಂಬಾಯಿಯ ಜಾಡಮಾಲಿಗಳು, ಮಲ ಎತ್ತುವವರು. 1896ರ ಅಕ್ಟೋಬರಿನಲ್ಲಿ ಮುನಿಸಿಪಲ್ ಕಮಿಷನರ್ ಸ್ನೋ ರೋಗಿಗಳನ್ನು ಬಲವಂತವಾಗಿ ಬೇರೆ ಮಾಡುವ ಕಟ್ಟಳೆ ಹೊರಡಿಸಿದ. ಪೌರಕಾರ್ಮಿಕರು ಊರು ಬಿಟ್ಟು ಹೋಗುವ ಸೂಚನೆ ಕಂಡಿತು. ಅವರು ಹೋದರೆ ಬೊಂಬಾಯಿ ಒಂದು ವಾರವೂ ಬದುಕುವುದಿಲ್ಲ ಅಂತ ಗೊತ್ತಾದಾಗ ತಿಂಗಳ ಕೊನೆಯಷ್ಟರಲ್ಲಿ ಅದೇ ಕಟ್ಟಳೆ ಸಡಿಲ ಆಯಿತು. ಒಟ್ಟಾಗಿ ಕೈ ಬಿಟ್ಟರೆ ಊರೇ ನಿಲ್ಲುವ ಕೆಲಸ ಅವರದು. ಪೆಟ್ಟಿಗೆ ಅಂಗಡಿಯವನದು ಹಾಗಲ್ಲ. ಅವನು ಬಾಗಿಲು ಹಾಕಿದರೆ ಊರಿಗೆ ಏನೂ ಆಗುವುದಿಲ್ಲ, ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಅಷ್ಟೆ. ಬಡವನ ಕೋಪ ದವಡೆಗೆ ಮೂಲ ಅಂದದ್ದು ಇಂಥ ಒಂಟಿ ಬಡವನನ್ನು ನೋಡಿಯೇ ಇರಬೇಕು.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಹುಬ್ಬಳ್ಳಿಯನ್ನೂ ಅದೇ ವರ್ಷ ಹಿಂಡಿ ಹಾಕಿತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿತು. ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಖಾಲಿ ಮಾಡಿಸಿದರು. ಉಳ್ಳವರಿಗೆ ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳು ಕಾದಿದ್ದವು. ಇವತ್ತಿಗೂ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳಿವೆ. ರೋಗಕ್ಕೆ ಗುಡಿ ಕಟ್ಟಿದವರು ನಮ್ಮವರು, ರೋಗದಿಂದ ಬಡಾವಣೆ ಕಟ್ಟಿಕೊಂಡವರು ಅವರು. ನಮ್ಮಜ್ಜಿ ತನ್ನ ಅತ್ತೆಯಿಂದ ಕೇಳಿದ್ದನ್ನು ಹೇಳುತ್ತಿದ್ದಳು: ಪ್ಲೇಗು ಬಂದಾಗ ಊರಿನೋರೆಲ್ಲ ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕ್ಕಂಡ್ರಂತೆ. ನೀವೇನ್ ಮಾಡಿದ್ರಜ್ಜೀ ಅಂದರೆ ನಗುತ್ತಿದ್ದಳು. "ನಾವು ಮೊದ್ಲೇ ಊರಾಚೆ ಇದ್ವಲ್ಲಪ್ಪಾ. ಇನ್ನೆಲ್ಲಿಗೆ ಬಿಡೋದು?"

ದೊರೆಗಳು ಹೋದರು, ಕಾನೂನು ಉಳಿಯಿತು. ಸಂವಿಧಾನ ಬಂದಾಗ ಹಳೆ ಕಾನೂನುಗಳೆಲ್ಲ ತೆಗೆದುಹಾಕುವ ತನಕ ಮುಂದುವರಿಯಲಿ ಅಂತಾಯಿತು, ಇದನ್ನು ಯಾರೂ ತೆಗೆಯಲಿಲ್ಲ. ಬಾಬಾಸಾಹೇಬರು ಕರಡು ಮಾಡಿದ ಸಂವಿಧಾನ 19ನೆಯ ವಿಧಿಯಲ್ಲಿ ಯಾವ ಕಸುಬನ್ನಾದರೂ, ಯಾವ ವ್ಯಾಪಾರವನ್ನಾದರೂ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಜಾತಿಗೊಂದು ಕಸುಬು ಅಂತ ಕಟ್ಟಿಹಾಕಿದ್ದ ಈ ನೆಲದಲ್ಲಿ ಅದು ಸಣ್ಣ ಮಾತಲ್ಲ. ಬೀದಿಯಲ್ಲಿ ಮಾರುವುದೂ ಈ ಹಕ್ಕಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ಆದರೆ ಅದೇ ವಿಧಿ ಸಾರ್ವಜನಿಕ ಹಿತಕ್ಕಾಗಿ ಯುಕ್ತವಾದ ನಿರ್ಬಂಧ ಹಾಕಬಹುದು ಅಂತಲೂ ಹೇಳುತ್ತದೆ. ರೋಗ ತಡೆಯೋಕೆ ಅಂಗಡಿ ಮುಚ್ಚಿಸುವುದು ಯುಕ್ತ ಅಲ್ಲ ಅಂತ ನಾನೂ ಹೇಳಲಾರೆ. ಕಾನೂನಿನ ಸೂಕ್ಷ್ಮ ಬೇರೆ ಕಡೆ ಇದೆ. ಸರ್ಕಾರ ನಿನ್ನ ಜಮೀನನ್ನು ತನ್ನದು ಮಾಡಿಕೊಂಡರೆ ಬೆಲೆ ಕೊಡಬೇಕು. ನಿನ್ನ ಪೆಟ್ಟಿಗೆಯನ್ನು ಎರಡು ತಿಂಗಳು ಮುಚ್ಚಿಸಿದರೆ ಕೊಡಬೇಕಾಗಿಲ್ಲ. ಪೆಟ್ಟಿಗೆ ನಿನ್ನದಾಗಿಯೇ ಇದೆಯಲ್ಲ! ನೆಲ ಇದ್ದವನಿಗೆ ಕಾನೂನಿನಲ್ಲಿ ಬೆಲೆ ಉಂಟು. ದಿನ ಮಾತ್ರ ಇದ್ದವನ ದಿನಕ್ಕೆ ಬೆಲೆ ಇಲ್ಲ.

2020ರ ಮಾರ್ಚಿ 11ಕ್ಕೆ ಕೇಂದ್ರ ಸರ್ಕಾರ ರಾಜ್ಯಗಳಿಗೆಲ್ಲ 1897ರ ಕಾಯ್ದೆಯ ಎರಡನೆಯ ಕಲಮನ್ನು ಎತ್ತಿಕೊಳ್ಳಿ ಅಂತ ಹೇಳಿತು. ಮಾರ್ಚಿ 24ರ ರಾತ್ರಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ದೇಶಕ್ಕೆ ದೇಶವೇ ಬೀಗ. ದಿನಸಿ, ಹಾಲು, ಔಷಧಿ ಅಗತ್ಯ. ಉಳಿದದ್ದು ಅಗತ್ಯ ಅಲ್ಲ. ಅಪ್ಪ ಮನೆಯಲ್ಲಿ ಕೂತು ಟೀವಿ ನೋಡುತ್ತಿದ್ದ. ಹೆದ್ದಾರಿಯಲ್ಲಿ ಬೆಂಗಳೂರು ಬಿಟ್ಟು ನಡೆದು ಹೋಗುವ ಜನ, ಹರಿದ ಚಪ್ಪಲಿ, ಕಾಲಿಗೆ ಪ್ಲಾಸ್ಟಿಕ್ ಬಾಟಲಿ ಚಪ್ಪಟೆ ಮಾಡಿ ಕಟ್ಟಿಕೊಂಡವರು. "ಕೆರ ಹೊಲಿಯೋದು ಅಗತ್ಯ ಅಲ್ವಂತಾ?" ಅಂದ. "ಹಂಗಾರೆ ಅವ್ರ ಕಾಲ್ಯಾಕ್ಲಾ ಹಂಗೆ ಬೆಂದವೆ?" ನನಗೆ ಉತ್ತರ ಇರಲಿಲ್ಲ. ಆ ಆಜ್ಞೆ ಬರೆದವರು ಯಾರೂ ಹೊಲಿಸಿದ ಚಪ್ಪಲಿ ಹಾಕಿದವರಲ್ಲ. ಆ ದಿನ ಒಬ್ಬ ಚಮ್ಮಾರನನ್ನು ಹೆದ್ದಾರಿ ಬದಿ ಕೂರಿಸಿದ್ದರೆ ಅವನೂ ಉಣ್ಣುತ್ತಿದ್ದ, ನಡೆಯುವವರೂ ನಡೆಯುತ್ತಿದ್ದರು.

ಯಾವುದು ಯಾವಾಗ ಬಾಗಿಲು ತೆಗೆಯಬೇಕು ಅನ್ನುವ ಪಟ್ಟಿಯನ್ನು ನೋಡಿದರೆ ಸರ್ಕಾರದ ಒಳಮನಸ್ಸು ಕಾಣುತ್ತದೆ. ಕರ್ನಾಟಕದಲ್ಲಿ ಹೆಂಡದ ಅಂಗಡಿ ತೆರೆದದ್ದು 2020ರ ಮೇ 4. ಕ್ಷೌರದ ಅಂಗಡಿ ತೆರೆದದ್ದು ಮೇ 19. ಕತ್ತರಿ ಹಿಡಿದವನು ಮುಖದ ಹತ್ತಿರ ಬರುತ್ತಾನೆ, ರೋಗ ಅಂಟೀತು, ಸರಿ. ಹೆಂಡದ ಅಂಗಡಿಯ ಮುಂದೆ ಮೈಲುದ್ದ ಸಾಲು ನಿಂತವರು ಒಬ್ಬರಿಗೊಬ್ಬರು ಎಷ್ಟು ದೂರ ಇದ್ದರು ಅನ್ನುವುದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಒಂದರಿಂದ ಬೊಕ್ಕಸಕ್ಕೆ ಅಬಕಾರಿ ಬರುತ್ತದೆ, ಇನ್ನೊಂದರಿಂದ ಬರುವುದು ನೆಲದ ಮೇಲೆ ಕೂದಲು.

ಆಜ್ಞೆ ಮೀರಿ ಬಾಗಿಲು ತೆಗೆದವರಿಗೆ ಅದೇ 188. ಕಾನೂನಿನ ಪ್ರಕಾರ ಈ ಅಪರಾಧಕ್ಕೆ ಕೋರ್ಟು ಕೈಹಾಕಬೇಕಾದರೆ ಸಂಬಂಧಪಟ್ಟ ಅಧಿಕಾರಿ ಬರಹದಲ್ಲಿ ದೂರು ಕೊಡಬೇಕು. ಬೀದಿಯಲ್ಲಿ ಯಾರಿಗೆ ಬೇಕು ಅದೆಲ್ಲ? ಬೀದಿಯ ಕಾನೂನು ಲಾಠಿ, ಮಗುಚಿದ ತಳ್ಳುಗಾಡಿ, ರಸ್ತೆ ಮೇಲೆ ಉರುಳಿದ ಟೊಮೆಟೊ. ತಮಿಳುನಾಡಿನ ಸಾತಾನ್‌ಕುಳಂನಲ್ಲಿ 2020ರ ಜೂನ್ 19ಕ್ಕೆ ಒಂದು ಸಣ್ಣ ಮೊಬೈಲ್ ಅಂಗಡಿಯ ತಂದೆ ಮಗನನ್ನು, ಹೊತ್ತು ಮೀರಿ ಬಾಗಿಲು ತೆಗೆದಿದ್ದೀರಿ ಅಂತ ಪೊಲೀಸರು ಹಿಡಿದುಕೊಂಡು ಹೋದರು. ನಾಲ್ಕು ದಿನದೊಳಗೆ ಇಬ್ಬರೂ ಹೆಣ. ಸಿಬಿಐ ತನಿಖೆ ಮಾಡಿ ಅದೇ ಸೆಪ್ಟೆಂಬರಿನಲ್ಲಿ ಒಂಬತ್ತು ಪೊಲೀಸರ ಮೇಲೆ ಕೊಲೆಯ ಆರೋಪ ಹೊರಿಸಿತು. 188ನೆಯ ಕಲಮಿಗೆ ಇದ್ದ ಅತಿ ದೊಡ್ಡ ಶಿಕ್ಷೆ ಆರು ತಿಂಗಳ ಜೈಲು, ಸಾವಿರ ರೂಪಾಯಿ ದಂಡ.

ಇನ್ನು ಬಾಡಿಗೆ. ಬೀಗ ಸರ್ಕಾರ ಹಾಕಿತು, ಬಾಡಿಗೆ ಮಾಲೀಕನದು ಓಡುತ್ತಲೇ ಇತ್ತು. ಮಾರ್ಚಿ 29ಕ್ಕೆ ಗೃಹ ಮಂತ್ರಾಲಯ ಒಂದು ಆಜ್ಞೆ ಮಾಡಿತು: ಕೂಲಿಕಾರರಿಂದ, ವಲಸೆ ಬಂದವರಿಂದ ಒಂದು ತಿಂಗಳು ಮನೆ ಬಾಡಿಗೆ ಕೇಳಬೇಡಿ. ಒಳ್ಳೆಯದೇ. ಅಂಗಡಿ ಬಾಡಿಗೆಯ ಮಾತು ಅದರಲ್ಲಿ ಇರಲಿಲ್ಲ. ದೆಹಲಿಯ ಖಾನ್ ಮಾರ್ಕೆಟ್ಟಿನ ಒಂದು ಅಂಗಡಿಯ ಬಾಡಿಗೆದಾರರು ಬಾಡಿಗೆ ತಡೆಯಿರಿ ಅಂತ ಹೈಕೋರ್ಟಿಗೆ ಹೋದರು. 2020ರ ಮೇ 21ಕ್ಕೆ ಕೋರ್ಟು ಹೇಳಿತು: ಕೈಮೀರಿದ ವಿಪತ್ತು ಬಂದರೆ ಬಾಡಿಗೆ ನಿಲ್ಲುತ್ತದೆ ಅಂತ ಕರಾರಿನಲ್ಲಿ ಬರೆದಿದ್ದರೆ ಸರಿ. ಇಲ್ಲವಾದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮು. ಬೆಂಕಿ, ಬಿರುಗಾಳಿ, ಪ್ರವಾಹ, ದಂಡು ದಾಳಿಯಂಥದ್ದರಿಂದ ಕಟ್ಟಡ ಹಾಳಾಗಿ ಕಾಯಮ್ಮಾಗಿ ಉಪಯೋಗಕ್ಕೆ ಬಾರದೆ ಹೋದರೆ ಬಾಡಿಗೆದಾರ ಕರಾರು ಬಿಡಬಹುದು. ಎರಡು ತಿಂಗಳ ಬೀಗ ಕಾಯಮ್ಮಲ್ಲ. ಕಟ್ಟುವ ಗಡುವನ್ನು ಸ್ವಲ್ಪ ಸಡಿಲ ಮಾಡಬಹುದು, ಅಷ್ಟೆ. ಅಸಾಧ್ಯವಾದ ಕರಾರು ರದ್ದು ಅನ್ನುವ ಕಾಂಟ್ರಾಕ್ಟ್ ಕಾಯ್ದೆಯ 56ನೆಯ ಕಲಮು ಬಾಡಿಗೆಗೆ ಅನ್ವಯ ಆಗುವುದಿಲ್ಲ ಅಂತ 1968ರಲ್ಲೇ ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು. ಕಾನೂನು ಗೋಡೆಗೆ ಏನಾಯಿತು ಅಂತ ಕೇಳಿತು. ಗೋಡೆ ನೆಟ್ಟಗಿತ್ತು, ಒಳಗಿದ್ದ ಮನುಷ್ಯ ಬಿದ್ದಿದ್ದ.

ಖಾನ್ ಮಾರ್ಕೆಟ್ಟಿನವರಿಗಾದರೂ ತೋರಿಸೋಕೆ ಕರಾರು ಇತ್ತು. ನಮ್ಮ ಕಡೆ ಪೆಟ್ಟಿಗೆ ಅಂಗಡಿಗೆ, ಟೀ ಅಂಗಡಿಗೆ ಕರಾರು ಅಂದರೆ ಮಾಲೀಕನ ಬಾಯಿ. ಅಪ್ಪ ದಿನಕ್ಕಿಷ್ಟು ಅಂತ ಸುಂಕದವನ ಕೈಗೆ ಕೊಡುತ್ತಾನೆ, ಚೀಟಿ ಕೊಟ್ಟರೆ ಕೊಟ್ಟ, ಇಲ್ಲದಿದ್ದರೆ ಇಲ್ಲ. ಬಾಯಿಮಾತಿನ ಕರಾರಿನಲ್ಲಿ ವಿಪತ್ತಿನ ಕಲಮು ಎಲ್ಲಿ ಹುಡುಕೋಣ?

ಅದೇ ಮಾರ್ಚಿ 29ರ ಆಜ್ಞೆಯಲ್ಲಿ ಇನ್ನೊಂದು ಮಾತಿತ್ತು, ಕೆಲಸಗಾರರಿಗೆ ಪೂರಾ ಸಂಬಳ ಕೊಡಬೇಕು ಅಂತ. ಇಲ್ಲಿ ನಾನು ಸ್ವಲ್ಪ ತಡವರಿಸುತ್ತೇನೆ. ದೊಡ್ಡ ಗಾರ್ಮೆಂಟ್ಸ್ ಮಾಲೀಕ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ಹುಡುಗರನ್ನಿಟ್ಟುಕೊಂಡು ಇಡ್ಲಿ ಹೋಟೆಲ್ ನಡೆಸುವ ನಮ್ಮ ಹಟ್ಟಿಯ ಒಬ್ಬಾಕೆ ಇದ್ದಾಳೆ, ಅಕ್ಕ ಅನ್ನುತ್ತೇನೆ. ಸಂಬಳ ಕೊಡು ಅಂತ ಆಕೆಗೆ ಹೇಳಿದ ಸರ್ಕಾರ ಆ ಸಂಬಳಕ್ಕೆ ಒಂದು ರೂಪಾಯಿ ಸೇರಿಸಲಿಲ್ಲ. ಮೇ 18ರಿಂದ ಆ ಆಜ್ಞೆಯನ್ನೇ ವಾಪಸ್ ತಗೊಂಡರು. ಜೂನ್ 12ಕ್ಕೆ ಸುಪ್ರೀಂ ಕೋರ್ಟು ಮಾಲೀಕರೂ ಕೆಲಸಗಾರರೂ ಕೂತು ಮಾತಾಡಿಕೊಳ್ಳಿ ಅಂದಿತು. ದೊಡ್ಡ ಕಂಪನಿಗಳಿಗೆ ಅದು ಬಿಡುಗಡೆಯ ಚೀಟಿ. ಅಕ್ಕ ಮಾತಾಡಿಕೊಂಡದ್ದು ತನ್ನ ಕಿವಿಯ ಓಲೆ ಅಡ ಇಟ್ಟು. ಮುಚ್ಚಿಸಿದವನು ಸರ್ಕಾರ, ಹೊರೆ ಮಾತ್ರ ಇಲ್ಲದವನು ಇನ್ನೂ ಇಲ್ಲದವನ ಹೆಗಲಿಗೆ ದಾಟಿಸುವ ಹಾಗೆ ಆ ಆಜ್ಞೆ ಇತ್ತು.

ಸಾಲದ ಕಥೆ ಕೇಳಿ. ಮಾರ್ಚಿ 27ಕ್ಕೆ ರಿಸರ್ವ್ ಬ್ಯಾಂಕು ಮೂರು ತಿಂಗಳು ಕಂತು ಮುಂದೂಡಬಹುದು ಅಂದಿತು, ಆಮೇಲೆ ಆಗಸ್ಟ್ 31ರ ತನಕ ಎಳೆಯಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಬಡ್ಡಿಗೆ ಬಡ್ಡಿಯೂ ಬೆಳೆಯಿತು. ಆಗ್ರಾದ ಒಬ್ಬ ಕನ್ನಡಕದ ಅಂಗಡಿಯವನು ಸುಪ್ರೀಂ ಕೋರ್ಟಿಗೆ ಹೋದ. ಇಡೀ ಕಥೆಯಲ್ಲಿ ನನಗೆ ಮೆಚ್ಚುಗೆ ಇರುವುದು ಆ ಮನುಷ್ಯನ ಬಗ್ಗೆ. ಸರ್ಕಾರ ಅಕ್ಟೋಬರಿನಲ್ಲಿ 2 ಕೋಟಿಯೊಳಗಿನ ಸಾಲಕ್ಕೆ ಆರು ತಿಂಗಳ ಚಕ್ರಬಡ್ಡಿಯ ವ್ಯತ್ಯಾಸವನ್ನು ತಾನು ಕೊಡುತ್ತೇನೆ ಅಂತ ಒಪ್ಪಿತು. 2021ರ ಮಾರ್ಚಿ 23ಕ್ಕೆ ಕೋರ್ಟು, ಆ ಅವಧಿಗೆ ಯಾವ ಸಾಲಗಾರನಿಂದಲೂ ಬಡ್ಡಿಯ ಮೇಲೆ ಬಡ್ಡಿ ತೆಗೆಯಬಾರದು, ಆದರೆ ಬಡ್ಡಿಯನ್ನೇ ಮನ್ನಾ ಮಾಡಿ ಅಂತ ಹೇಳುವುದು ತನ್ನ ಕೆಲಸವಲ್ಲ, ಅದು ಸರ್ಕಾರದ ಆರ್ಥಿಕ ನೀತಿ ಅಂದಿತು.

ಇದೂ ಬ್ಯಾಂಕಿನ ಸಾಲ ಇದ್ದವರ ಕಥೆಯೇ. ಬಸ್ ಸ್ಟ್ಯಾಂಡಿನಲ್ಲಿ ನಡೆಯುವುದು ಮೀಟರ್ ಬಡ್ಡಿ: ಬೆಳಿಗ್ಗೆ 900 ಕೊಟ್ಟು ಸಂಜೆ 1000 ವಸೂಲಿ. ಅದಕ್ಕೆ ರಿಸರ್ವ್ ಬ್ಯಾಂಕು ಯಾವುದು? 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ದುರ್ಬಲರು ಸಾಹುಕಾರರಿಗೆ ಕೊಡಬೇಕಿದ್ದ ಸಾಲವನ್ನು ಕಾನೂನಿನಿಂದಲೇ ಅಳಿಸಿತ್ತು. ತುರ್ತು ಪರಿಸ್ಥಿತಿಯ ಕಾಲ, ಅದರ ಬೇರೆ ಪಾಪಗಳು ಬೇರೆ. ಆದರೂ ಬಾಯಿಮಾತಿನ ಸಾಲವನ್ನು ಕಾನೂನು ಮುಟ್ಟಲಾರದು ಅನ್ನುವ ಮಾತು ಸುಳ್ಳು ಅಂತ ಈ ನೆಲದಲ್ಲೇ ಒಂದು ಸಲ ಗೊತ್ತಾಗಿದೆ.

2020ರ ಮೇ 13ಕ್ಕೆ ಕೇಂದ್ರ ಸರ್ಕಾರ ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿಯ ಜಾಮೀನು ಸಾಲ ಪ್ರಕಟಿಸಿತು. ಟೀವಿಯಲ್ಲಿ ಸೊನ್ನೆ ಎಣಿಸಿ ಹಟ್ಟಿಯ ಹುಡುಗರೆಲ್ಲ ಚಪ್ಪಾಳೆ ಹೊಡೆದರು. ನಿಯಮ ಓದಿದೆ: ಫೆಬ್ರವರಿ 29ಕ್ಕೆ ನಿನ್ನ ಮೇಲಿದ್ದ ಸಾಲದ ಶೇಕಡಾ 20ರಷ್ಟು ಹೊಸ ಸಾಲ. ಅಪ್ಪನ ಮೇಲೆ ಬ್ಯಾಂಕಿನ ಸಾಲ ಸೊನ್ನೆ. ಸೊನ್ನೆಯ ಶೇಕಡಾ 20 ಎಷ್ಟು ಅಂತ ಲೆಕ್ಕ ಬಾರದ ನನಗೂ ಗೊತ್ತು. ಅದೇ ಜುಲೈ 1ರಿಂದ ಯಂತ್ರಕ್ಕೆ 1 ಕೋಟಿ ಹಾಕಿ ವರ್ಷಕ್ಕೆ 5 ಕೋಟಿ ವಹಿವಾಟು ಮಾಡುವವನ ತನಕ ಎಲ್ಲರೂ "ಅತಿಸಣ್ಣ ಉದ್ಯಮ" ಆದರು. 2025ರ ಏಪ್ರಿಲಿನಿಂದ ಆ ಗೆರೆ ಎರಡೂವರೆ ಕೋಟಿ ಮತ್ತು 10 ಕೋಟಿಗೆ ಏರಿದೆ. ಒಂದು ಉಳಿ, ಒಂದು ರಂಪಿಗೆ ಇಟ್ಟುಕೊಂಡ ಅಪ್ಪನೂ ಅವರೂ ಕಾನೂನಿನ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಸಹಪಂಕ್ತಿ ಭೋಜನ ಕೊನೆಗೂ ಆಯಿತು, ಎಲೆಗೆ ಬಡಿಸುವುದೊಂದು ಬಾಕಿ.

ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಸಮೀಕ್ಷೆ ಮಾಡಿ, ಸಮಿತಿ ಮಾಡಿ, ಪ್ರಮಾಣಪತ್ರ ಕೊಡಿ, ಅಲ್ಲಿಯ ತನಕ ಎಬ್ಬಿಸಬೇಡಿ ಅಂತ ಹೇಳುವ ಒಳ್ಳೆಯ ಕಾಯ್ದೆ. ಸಮೀಕ್ಷೆಯವರು ಬಂದ ದಿನ ಸಂತೆಗೆ ಹೋಗಿದ್ದವನು ಆ ಕಾನೂನಿನ ಕಣ್ಣಿಗೆ ಬೀದಿ ವ್ಯಾಪಾರಿಯೇ ಅಲ್ಲ. 2020ರ ಜೂನ್ 1ರಿಂದ ಇವರಿಗೆ ಬಂದದ್ದು 10,000 ರೂಪಾಯಿ ತನಕ ಸಾಲ. ಬಾಗಿಲು ಮುಚ್ಚಿಸಿದ್ದಕ್ಕೆ ಸಾಲ! ಹೊಡೆದವನೇ ಮುಲಾಮನ್ನು ಕಂತಿನಲ್ಲಿ ಮಾರಿದ ಹಾಗೆ.

ರಾಜ್ಯ ಸರ್ಕಾರ 2020ರ ಮೇ 6ಕ್ಕೆ ಪ್ಯಾಕೇಜು ಕೊಟ್ಟಿತು. 60,000 ಮಡಿವಾಳರಿಗೆ, 2,30,000 ಕ್ಷೌರಿಕರಿಗೆ, ಆಟೋ ಟ್ಯಾಕ್ಸಿಯವರಿಗೆ ತಲಾ 5,000. ಅವರಿಗೆ ಸಿಕ್ಕಿದ್ದು ನ್ಯಾಯವೇ, ಇನ್ನೂ ಹೆಚ್ಚು ಸಿಗಬೇಕಿತ್ತು. ಮೇ 6ರ ಆ ಪಟ್ಟಿಯಲ್ಲಿ ಚಮ್ಮಾರನಿರಲಿಲ್ಲ. 2021ರ ಮೇ ತಿಂಗಳ ಎರಡನೆಯ ಪ್ಯಾಕೇಜಿನಲ್ಲಿ ದರ್ಜಿ, ಕುಂಬಾರ, ಕಮ್ಮಾರ, ಚಿಂದಿ ಆಯುವವರ ಜೊತೆ ಚಮ್ಮಾರನೂ ಸೇರಿದ, ತಲಾ 2,000. ಹಟ್ಟಿಯ ಹದಿನೇಳು ಅರ್ಜಿ ನಾನೇ ತುಂಬಿದೆ. ಒಂದು ಕಡೆ ಸಿಕ್ಕಿಕೊಂಡೆವು: ನೀನು ಈ ಕಸುಬು ಮಾಡುತ್ತೀಯ ಅನ್ನೋದಕ್ಕೆ ಪ್ರಮಾಣಪತ್ರ ತಾ. ಅಪ್ಪನನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆ. ಮೇಜಿನ ಹಿಂದೆ ಕೂತಿದ್ದವರು, ಇವರು ಚಮ್ಮಾರ ಅನ್ನೋದಕ್ಕೆ ಏನ್ರೀ ಗ್ಯಾರಂಟಿ ಅಂದರು. ಅಪ್ಪ ಮಾತಾಡದೆ ಎರಡೂ ಅಂಗೈ ಮೇಜಿನ ಮೇಲೆ ಇಟ್ಟ. ಮೇಣ ಹತ್ತಿ ಕಪ್ಪಾದ ಬಿರುಕು, ಉಳಿ ಜಾರಿ ಸೀಳಿದ ಗೆರೆ. ಅವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ರೋಗದ ಭಯವೋ ಇನ್ನೊಂದೋ ನನಗೆ ಗೊತ್ತಾಗಲಿಲ್ಲ. ಹೋಟೆಲಿನ ಲೋಟದಲ್ಲಿ, ಗುಡಿಯ ಮೆಟ್ಟಿಲಲ್ಲಿ, ಬಾವಿಯ ಕಟ್ಟೆಯಲ್ಲಿ ನಾವು ಯಾರು ಅಂತ ಯಾರೂ ಇಷ್ಟು ವರ್ಷ ಪ್ರಮಾಣಪತ್ರ ಕೇಳಿರಲಿಲ್ಲ. ಎರಡು ಸಾವಿರ ಕೊಡುವಾಗ ಮೊದಲ ಸಲ ಕೇಳಿದರು.

ಮತ್ತೆ ಕಂಸಕ್ಕೆ ಬರುತ್ತೇನೆ. ಕಾನೂನಿಗೆ ಖಚಿತವಾಗಿ ಬರೆಯಲು ಬರುವುದಿಲ್ಲವೇ? ಬರುತ್ತದೆ. 2020ರಲ್ಲಿ ಅದೇ 1897ರ ಕಾಯ್ದೆಗೆ ತಿದ್ದುಪಡಿ ತಂದರು. ವೈದ್ಯರು, ನರ್ಸುಗಳ ಮೇಲೆ ಕೈ ಮಾಡಿದವರಿಗೆ ಜೈಲು. ಆಸ್ಪತ್ರೆಯ ಸ್ವತ್ತು ಹಾಳು ಮಾಡಿದರೆ ಮಾರುಕಟ್ಟೆ ಬೆಲೆಯ ಎರಡರಷ್ಟು ಪರಿಹಾರ ಕೊಡಲೇಬೇಕು. ಬೇಕಾದ ತಿದ್ದುಪಡಿಯೇ; ನಮ್ಮ ಹಟ್ಟಿಯ ಆಶಾ ಕಾರ್ಯಕರ್ತೆಯೂ ಅದರ ನೆರಳಲ್ಲಿ ಬರುತ್ತಾಳೆ. ಅಲ್ಲಿ "ಏನಾದರೂ ಇದ್ದರೆ" ಇಲ್ಲ, ಎರಡರಷ್ಟು ಅಂತ ಲೆಕ್ಕವೇ ಇದೆ. ಎರಡನೆಯ ಕಲಮಿನ ಕಂಸವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಇನ್ನೊಂದು ಬಾಗಿಲು ಅರ್ಧ ತೆರೆದಿದೆ, ಅದನ್ನು ವಕೀಲಿ ಓದುವ ಗೆಳೆಯರು ಗಮನಿಸಬೇಕು. 2005ರ ವಿಪತ್ತು ಕಾಯ್ದೆಯ 12ನೆಯ ಕಲಮು, ನೊಂದವರಿಗೆ ಕನಿಷ್ಠ ಪರಿಹಾರ ಏನು ಅಂತ ಪ್ರಾಧಿಕಾರ ಗೊತ್ತು ಮಾಡಬೇಕು ಅನ್ನುತ್ತದೆ. ಮಾಡಬಹುದು ಅಲ್ಲ, ಮಾಡಬೇಕು. ಸತ್ತವರ ಮನೆಯವರಿಗೆ ಹಣ ಕೊಡಲು ಸರ್ಕಾರ ಹಿಂದೆಗೆದಾಗ 2021ರ ಜೂನ್ 30ಕ್ಕೆ ಸುಪ್ರೀಂ ಕೋರ್ಟು ಈ "ಬೇಕು"ವನ್ನೇ ಹಿಡಿದು ಇದು ದಯೆಯಲ್ಲ, ಕರ್ತವ್ಯ ಅಂದಿತು. ಅದರಿಂದಲೇ ಸತ್ತವರ ಕುಟುಂಬಕ್ಕೆ 50,000 ಬಂತು. ಸಾವಿನ ಪರಿಹಾರದ ಮಾತು ಇರುವ ಅದೇ ಸಾಲಿನಲ್ಲಿ, ಹಾಳಾದ ಮನೆಗೆ ನೆರವು ಅಂತಿದೆ. ಅದರ ಪಕ್ಕದಲ್ಲೇ, ಜೀವನೋಪಾಯವನ್ನು ಮತ್ತೆ ನಿಲ್ಲಿಸಿಕೊಳ್ಳಲು ನೆರವು ಅಂತಲೂ ಇದೆ. ಸತ್ತವರಿಗೆ "ಬೇಕು" ಆದದ್ದು ಬದುಕಿ ಉಳಿದು ಕಸುಬು ಕಳೆದುಕೊಂಡವರಿಗೆ ಯಾಕೆ "ಬೇಕು" ಆಗಬಾರದು? 2025ರಲ್ಲಿ ತೆಗೆದುಹಾಕುವ ತನಕ ಪಕ್ಕದ 13ನೆಯ ಕಲಮು ಸಾಲ ತೀರಿಸುವುದರಲ್ಲಿ ರಿಯಾಯಿತಿಯ ಮಾತನ್ನೂ ಆಡುತ್ತಿತ್ತು, ಅಲ್ಲಿ "ಬಹುದು" ಅಂತಿತ್ತು ಅನ್ನುವುದು ನಿಜ. 12ರಲ್ಲಿ ಹಾಗಿಲ್ಲ.

2024ರ ಜುಲೈ 1ರಿಂದ ಪೀನಲ್ ಕೋಡು ಹೋಗಿ ನ್ಯಾಯ ಸಂಹಿತೆ ಬಂದಿದೆ. 188 ಈಗ 223 ಆಗಿದೆ. ಕರ್ನಾಟಕಕ್ಕೆ 2020ರಿಂದ ಅದರದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಇದೆ. 1897ರ ಕಾಯ್ದೆಯನ್ನು ಕೂಲಂಕಷವಾಗಿ ನೋಡಿ ಕಾನೂನು ಆಯೋಗ 2024ರ ಫೆಬ್ರವರಿಯಲ್ಲಿ ತನ್ನ 286ನೆಯ ವರದಿ ಕೊಟ್ಟಿದೆ. ಈ ವರದಿಯನ್ನೂ 12ನೆಯ ಕಲಮನ್ನೂ ಮುಂದಿಟ್ಟುಕೊಂಡು ಚಮ್ಮಾರರು, ಕ್ಷೌರಿಕರು, ಮಡಿವಾಳರು, ತಳ್ಳುಗಾಡಿಯವರು ಒಟ್ಟಿಗೆ ಕೂರುವ ಒಂದು ಸಭೆ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಆಗಿಲ್ಲ. ಕೂತರೆ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವ ಕಷ್ಟವೂ ಇದೆ, ಮುಚ್ಚಿಡುವುದರಿಂದ ಏನು ಬಂತು.

ಅಪ್ಪನ 2,000 ರೂಪಾಯಿ ಬರಲಿಲ್ಲ. ಹದಿನೇಳು ಅರ್ಜಿಯಲ್ಲಿ ಆರಕ್ಕೆ ಬಂತು, ಉಳಿದವು "ಪರಿಶೀಲನೆಯಲ್ಲಿದೆ". ಮೊನ್ನೆ ಈ ಬರಹ ಬರೆಯುತ್ತಿರುವಾಗ ಅಪ್ಪ ಹತ್ತಿರ ಬಂದು ಕೂತು ಏನ್ಲಾ ಬರೀತಿದೀಯ ಅಂದ. ಕಂಸದ ವಿಷಯ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಹಳೆ ಅರ್ಜಿಯ ನಂಬರ್ ಇನ್ನೂ ಐತಾ ಅಂತ ಕೇಳಿದ. ಇದೆ ಅಂದೆ. "ಮಡಗಿರು" ಅಂದು, ಪೆಟ್ಟಿಗೆಯ ಬೀಗದ ಕೈ ತಗೊಂಡು ಬಸ್ ಸ್ಟ್ಯಾಂಡಿಗೆ ಹೋದ.